ರತ್ನ ತೊದಲುವುದಿಲ್ಲ

ಕನಕಪುರ ತಾಲ್ಲೂಕಿನ ಒಂದು ಸರ್ಕಾರಿ ಶಾಲೆ. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ತಯಾರಿ ನಡೆಯುತ್ತಿತ್ತು. ನಾಲ್ಕನೇ ತರಗತಿಯ ಹುಡುಗನೊಬ್ಬ ತಲೆಗೆ ಟವೆಲ್ ಸುತ್ತಿಕೊಂಡು, ಕೈಯಲ್ಲಿ ಖಾಲಿ ಬಾಟಲಿ ಹಿಡಿದು, ಜಿ.ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಸಂಕಲನದ ಒಂದು ಪದವನ್ನು ಒಪ್ಪಿಸುತ್ತಿದ್ದ. ‘ಹೆಂಡ’ ಎಂಬ ಮಾತು ಬಂದಾಗ ಮೇಷ್ಟ್ರು ತಡೆದರು.

“ಹೆಂಡ ಅಲ್ಲ ಕಣೋ, ಯೆಂಡ ಅನ್ನು. ರತ್ನ ಹಂಗೆ ಪುಸ್ತಕದ ಥರ ಮಾತಾಡ್ತಾನಾ?”

ಹುಡುಗ ಮತ್ತೆ ಶುರು ಮಾಡಿದ. ಮತ್ತೆ ‘ಹೆಂಡ’ ಎಂದ. ಮೂರನೇ ಸಲವೂ ಹಾಗೇ ಆದಾಗ ಉಳಿದ ಮಕ್ಕಳು ನಕ್ಕರು. ಅವನು ಬಾಟಲಿ ಕೆಳಗಿಳಿಸಿ ನನ್ನ ಕಡೆ ನೋಡಿದ. ಯಾಕೆಂದರೆ ಆ ‘ಹ’ ಅವನದಾಗಿರಲಿಲ್ಲ, ನಾನು ಕಲಿಸಿದ್ದು. ಅದಕ್ಕೆ ನಾಲ್ಕು ತಿಂಗಳ ಮುಂಚೆ ಅದೇ ಶಾಲೆಯಿಂದ ನನಗೆ ಬಂದಿದ್ದ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ‘ಉಚ್ಚಾರ ಸರಿ ಇಲ್ಲ’ ಎಂದಿತ್ತು. ವಾರಕ್ಕೊಮ್ಮೆ ಬಂದು, ಕನ್ನಡಿ ಮುಂದೆ ಕೂರಿಸಿ, ಅಂಗೈ ಬಾಯಿಯ ಹತ್ತಿರ ಇಡಿಸಿ, ಉಸಿರು ತಾಗುವ ಹಾಗೆ ‘ಹ’ ಹೇಳಿಸಿದವಳು ನಾನು. ತರಗತಿಯಲ್ಲಿ ‘ಯೆಂಡ’ ಅಂದರೆ ತಪ್ಪು, ವೇದಿಕೆಯ ಮೇಲೆ ‘ಹೆಂಡ’ ಅಂದರೆ ತಪ್ಪು. ಆ ಬೆಳಿಗ್ಗೆ ಅವನಿಗೆ ಯಾವುದು ಸರಿ ಎಂದು ಹೇಳಲು ನನಗೂ ಆಗಲಿಲ್ಲ.

ಈ ಬರಹ ‘ರತ್ನನ ಪದಗಳು’ ಬಗ್ಗೆ. ಆದರೆ ಆ ಹುಡುಗನನ್ನು ಬಿಟ್ಟು ಆ ಪುಸ್ತಕವನ್ನು ಓದಲು ನನಗೆ ಈಗ ಸಾಧ್ಯವಿಲ್ಲ. ಹಾಗಾಗಿ ನನ್ನ ಕೆಲಸದ ಬಗ್ಗೆ ಮೊದಲು ಹೇಳಬೇಕು.

ನಾನು ಓದಿದ್ದು ವಾಕ್ ಮತ್ತು ಶ್ರವಣ ವಿಜ್ಞಾನ. ಪಿಎಚ್‌.ಡಿ.ಗೆ ಸೇರುವ ಮೊದಲು ಎರಡು ವರ್ಷ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಶಾಲೆಗಳಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿ ತಿರುಗಿದೆ. ಮಕ್ಕಳ ಬಾಯಲ್ಲಿ ನಾನು ‘ಮಾತಿನ ಮಿಸ್ಸು’. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸುವ 21 ಬಗೆಯ ಅಂಗವೈಕಲ್ಯಗಳಲ್ಲಿ ಮಾತು ಮತ್ತು ಭಾಷೆಯ ತೊಂದರೆಯೂ ಒಂದು. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಇಂಥ ಮಕ್ಕಳಿಗೆಂದೇ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಅವರು, ತರಗತಿಯ ಶಿಕ್ಷಕರು ಸೇರಿ ಪಟ್ಟಿ ಮಾಡುತ್ತಾರೆ, ನನ್ನಂಥವರು ಬಸ್ಸು ಹಿಡಿದು ಹೋಗುತ್ತೇವೆ. ಚೀಲದಲ್ಲಿ ಚಿತ್ರದ ಕಾರ್ಡುಗಳು, ಒಂದು ಕನ್ನಡಿ, ಟಾರ್ಚು, ಚನ್ನಪಟ್ಟಣದ ಒಂದು ಗಿಲಕಿ, ಎರಡು ಬುಗುರಿ. ಪಟ್ಟಿಯಲ್ಲಿ ಎಲ್ಲ ಥರದ ಮಕ್ಕಳೂ ಇರುತ್ತಾರೆ. ಉಗ್ಗುವವರು, ಸೀಳು ಅಂಗುಳದ ಶಸ್ತ್ರಚಿಕಿತ್ಸೆ ಆದವರು, ಕಿವಿ ಕೇಳದವರು, ಮೂರು ವರ್ಷ ದಾಟಿದರೂ ಮಾತೇ ಬಾರದೆ ‘ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ರೂ ಆಗಲಿಲ್ಲ’ ಎಂದು ಅಜ್ಜಿ ಎತ್ತಿಕೊಂಡು ಬಂದವರು. ಇವರೆಲ್ಲರ ಜೊತೆಗೆ ಪ್ರತಿ ಪಟ್ಟಿಯಲ್ಲೂ ‘ಉಚ್ಚಾರ ಸರಿ ಇಲ್ಲ’ ಎಂಬ ಗುಂಪೊಂದು ಇರುತ್ತಿತ್ತು. ಬಹುಪಾಲು ಪಟ್ಟಿಗಳಲ್ಲಿ ಅದೇ ದೊಡ್ಡ ಗುಂಪು.

ಉಚ್ಚಾರವನ್ನು ಪರೀಕ್ಷಿಸುವ ಕ್ರಮ ಸರಳ. ಚಿತ್ರ ತೋರಿಸುತ್ತೇವೆ, ಮಗು ಹೆಸರು ಹೇಳುತ್ತದೆ. ಪದದ ಮೊದಲಲ್ಲಿ, ನಡುವೆ ಪ್ರತಿಯೊಂದು ಧ್ವನಿ ಸರಿಯಾಗಿ ಬಂತೇ, ಒಂದರ ಬದಲು ಇನ್ನೊಂದು ಬಂತೇ, ಬಿಟ್ಟೇ ಹೋಯಿತೇ, ಸೊಟ್ಟಗಾಯಿತೇ ಎಂದು ಹಾಳೆಯ ಮೇಲೆ ಗುರುತು ಹಾಕುತ್ತೇವೆ. ಕನ್ನಡಕ್ಕೆ ಇಂಥ ಪರೀಕ್ಷೆ ಬಂದದ್ದು 1972ರಲ್ಲಿ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿಂದ. ಅದನ್ನು ರೂಪಿಸಿದ ಮೂವರಲ್ಲಿ ಒಬ್ಬರು ನ. ರತ್ನ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಹೆಸರು ಬೇರೆ ಕಡೆಯಿಂದ ಗೊತ್ತು. ‘ಎಲ್ಲಿಗೆ’, ‘ಬೊಂತೆ’ ಎಂಬ ಅಸಂಗತ ನಾಟಕಗಳನ್ನು ಬರೆದ, ಮೈಸೂರಿನ ಹವ್ಯಾಸಿ ರಂಗಭೂಮಿಯನ್ನು ಕಟ್ಟಿದ ನ. ರತ್ನ ಅವರೇ ಇವರು. ಆ ಸಂಸ್ಥೆಯ ನಿರ್ದೇಶಕರೂ ಆಗಿದ್ದರು. 2010ರಲ್ಲಿ ಆ ಪರೀಕ್ಷೆಯ ಪರಿಷ್ಕರಣೆ ನಡೆಯಿತು. ಮಾತು ಮಾತಿಗೆ ತಲುಪದ ನಾಟಕಗಳನ್ನು ಬರೆದವರೇ ಮಾತನ್ನು ಅಳೆಯುವ ಹಾಳೆಯನ್ನೂ ಮಾಡಿದರು ಎನ್ನುವುದು ನನಗೆ ಎಂದೂ ಮರೆಯದ ಸಂಗತಿ.

ಆ ನವೆಂಬರ್ ಕಳೆದ ಮೇಲೆ ಒಂದು ರಾತ್ರಿ ನಾನು ತಮಾಷೆಯ ಕೆಲಸವೊಂದನ್ನು ಮಾಡಿದೆ. ಒಬ್ಬ ರತ್ನ ರೂಪಿಸಿದ ಕ್ರಮಕ್ಕೆ ಇನ್ನೊಬ್ಬ ರತ್ನನನ್ನು ಕೂರಿಸಿದೆ. ‘ರತ್ನನ ಪದಗಳು’ ಮುಂದಿಟ್ಟುಕೊಂಡು, ಹೆಂಡಕುಡುಕ ರತ್ನ ನನ್ನೆದುರು ಕುರ್ಚಿಯಲ್ಲಿ ಕೂತ ಏಳೆಂಟು ವರ್ಷದ ಹುಡುಗ ಎಂದುಕೊಂಡು, ಅವನ ಪದಗಳಿಗೆ ಅಂಕ ಹಾಕುತ್ತಾ ಹೋದೆ. ಹಳ್ಳ ಎನ್ನಬೇಕಾದಲ್ಲಿ ಅಳ್ಳ: ‘ಹ’ ಲೋಪ. ಹೆಂಡತಿ ಎನ್ನಬೇಕಾದಲ್ಲಿ ಯೆಂಡ್ತಿ: ‘ಹ’ಕ್ಕೆ ಬದಲು ‘ಯ’. ಭೂಮಿ ಎನ್ನಬೇಕಾದಲ್ಲಿ ಬೂಮಿ: ಮಹಾಪ್ರಾಣ ನಷ್ಟ. ಅರ್ಧ ಪುಸ್ತಕ ಮುಗಿಯುವಷ್ಟರಲ್ಲಿ ಹಾಳೆ ಕೆಂಪಾಗಿತ್ತು. ನಾನು ಹಾಕಿದ ಅಂಕಗಳನ್ನು ನಂಬುವುದಾದರೆ ರತ್ನನಿಗೆ ವಾರಕ್ಕೆ ಮೂರು ದಿನದ ಚಿಕಿತ್ಸೆ ಬೇಕು.

ಹಾಳೆಯನ್ನು ಪಕ್ಕಕ್ಕಿಟ್ಟು ಮತ್ತೆ ಓದಿದಾಗ ಬೇರೆಯೇ ಒಂದು ಕಂಡಿತು. ರತ್ನನ ‘ತಪ್ಪು’ಗಳಿಗೆ ಲೆಕ್ಕವಿದೆ. ‘ಅ’ಕಾರದ ಹಿಂದಿನ ‘ಹ’ ಸುಮ್ಮನೆ ಬಿದ್ದುಹೋಗುತ್ತದೆ: ಹಳ್ಳ, ಅಳ್ಳ. ‘ಎ’ಕಾರದ ಹಿಂದಿನ ‘ಹ’ ಬಿದ್ದರೆ ಅಲ್ಲಿಗೆ ‘ಯ’ ಬರುತ್ತದೆ: ಹೆಂಡ, ಯೆಂಡ. ಅವನ ಸೀಮೆಯ ಮಾತಿನಲ್ಲಿ ‘ಒ’ಕಾರದ ಹಿಂದಿನ ‘ಹ’ ಬಿದ್ದರೆ ‘ವ’ ಬರುತ್ತದೆ: ಹೊಲ, ವೊಲ. ಇದು ನಾಲಿಗೆ ಜಾರಿ ಆದದ್ದಲ್ಲ. ಪದದ ಮೊದಲಿನ ‘ಎ’ಗೆ ಯಕಾರ, ‘ಒ’ಗೆ ವಕಾರ ಸೇರಿಸುವುದು ಕನ್ನಡದ ಆಡುಮಾತಿನ ಹಳೆಯ ನಿಯಮ. ಎಲೆಯನ್ನು ಯೆಲೆ, ಒಲೆಯನ್ನು ವೊಲೆ ಎನ್ನುವವರೆಲ್ಲ ಅದನ್ನು ಪಾಲಿಸುತ್ತಾರೆ. ‘ಹ’ ಬಿದ್ದ ಕೂಡಲೇ ಹೆಂಡವೂ ಎಲೆಯ ಸಾಲಿಗೆ ಸೇರಿಕೊಳ್ಳುತ್ತದೆ. ಒಂದು ನಿಯಮ ಮುಗಿದ ಜಾಗದಲ್ಲಿ ಇನ್ನೊಂದು ಶುರುವಾಗುತ್ತದೆ.

ಕುಡಿದವನ ಮಾತು ಹೀಗಿರುವುದಿಲ್ಲ. ಅಮಲಿನಲ್ಲಿ ನಾಲಿಗೆಯ ಹಿಡಿತ ಸಡಿಲವಾಗುತ್ತದೆ, ಮಾತು ನಿಧಾನವಾಗುತ್ತದೆ, ಸ್ವರಗಳು ಎಳೆಯುತ್ತವೆ, ‘ಸ’ ಜಾರಿ ‘ಶ’ದ ಹತ್ತಿರ ಹೋಗುತ್ತದೆ. 1989ರಲ್ಲಿ ಎಕ್ಸಾನ್ ವಾಲ್ಡೀಸ್ ಎಂಬ ತೈಲದ ಹಡಗು ಅಲಾಸ್ಕದ ಕಡಲಿನಲ್ಲಿ ಬಂಡೆಗೆ ತಾಗಿದಾಗ ಅದರ ನಾಯಕನ ರೇಡಿಯೊ ಮಾತಿನ ಮುದ್ರಿಕೆಗಳನ್ನು ಧ್ವನಿವಿಜ್ಞಾನಿಗಳು ಪರೀಕ್ಷಿಸಿದ್ದರು. ಅವರು ಕಿವಿಗೊಟ್ಟದ್ದು ಇಂಥವೇ ಗುರುತುಗಳಿಗೆ. ರತ್ನನ ಸೀಮೆಯ ಮಾತು ಹೋಗುವುದು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ: ಅಲ್ಲಿ ‘ಶ’, ‘ಷ’ ಎರಡೂ ‘ಸ’ ಆಗುತ್ತವೆ, ‘ಸ’ ಎಂದೂ ‘ಶ’ ಆಗುವುದಿಲ್ಲ. ಸ್ವರಗಳು ಎಳೆಯುವ ಬದಲು ಉದುರುತ್ತವೆ. ಮಾತು ನಿಧಾನವಾಗದೆ ಬಿಗಿಯಾಗುತ್ತದೆ. ಮಡಿಕೇರಿಯ ಮಂಜನ್ನು ರತ್ನ ಕಂಡ ಪದವನ್ನು ಜೋರಾಗಿ ಓದಿ ನೋಡಿ. ಚಿತ್ರಗಳು ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಅದರ ಲಯ ಎಲ್ಲೂ ತೂರಾಡುವುದಿಲ್ಲ. ಅಷ್ಟು ಸ್ಪಷ್ಟವಾದ ಕಣ್ಣು, ಅಷ್ಟು ಸ್ಪಷ್ಟವಾದ ನಾಲಿಗೆ.

ರತ್ನ ಕುಡಿಯುತ್ತಾನೆ, ನಿಜ. ಆದರೆ ಅವನ ಮಾತು ಕುಡಿದಿಲ್ಲ. ಹೆಂಡ ಅವನ ವಸ್ತು. ಅವನ ಮಾತು ಅವನ ಊರಿನದು. ಈ ಎರಡನ್ನೂ ಒಂದೇ ಎಂದು ನಾವು 1930ರ ದಶಕದಿಂದ ಕೇಳುತ್ತಾ ಬಂದಿದ್ದೇವೆ. ಶಾಲೆಯ ವೇದಿಕೆಯಲ್ಲಿ ಹುಡುಗ ‘ಯೆಂಡ’ ಎನ್ನುತ್ತಾ ತೂರಾಡಬೇಕು ಎಂದು ಮೇಷ್ಟ್ರು ಹೇಳಿಕೊಡುವಾಗ, ತೂರಾಟವೂ ಆ ಉಚ್ಚಾರವೂ ಒಟ್ಟಿಗೇ ಬರುತ್ತವೆ. ನೋಡುವವರಿಗೆ ಎರಡೂ ಕುಡುಕನ ಲಕ್ಷಣ. ಹುಡುಗನ ಅಪ್ಪ ರೇಷ್ಮೆ ಗೂಡು ಹೊತ್ತುಕೊಂಡು ರಾಮನಗರದ ಮಾರುಕಟ್ಟೆಗೆ ಹೋಗುವ ರೈತ. ಬೆಳಿಗ್ಗೆ ಐದು ಗಂಟೆಗೆ, ಒಂದು ತೊಟ್ಟೂ ಕುಡಿಯದೆ, ಅವರು ಆಡುವುದೂ ಅದೇ ಮಾತು.

ಇದಕ್ಕೆ ರಾಜರತ್ನಂ ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ರಾಮನಗರ ಕ್ಲೋಸ್‌ಪೇಟೆಯಾಗಿದ್ದ ಕಾಲದಲ್ಲಿ ಆ ಊರಿನಲ್ಲಿ ಹುಟ್ಟಿದ ಈ ಅಯ್ಯಂಗಾರ್ ಮನೆತನದ ಕವಿ ತನ್ನದಲ್ಲದ ಮನೆಯ ಮಾತನ್ನು ಎಷ್ಟು ಕಿವಿಗೊಟ್ಟು ಕೇಳಿದ್ದರು ಎಂಬುದಕ್ಕೆ ಆ ಬರವಣಿಗೆಯೇ ಸಾಕ್ಷಿ. ನವೋದಯದ ಕಾವ್ಯ ಸಂಸ್ಕೃತದ ಭಾರ ಹೊತ್ತು ನಡೆಯುತ್ತಿದ್ದಾಗ ಅವರು ಈ ಕಾಗುಣಿತದಲ್ಲಿ ಇಡೀ ಪುಸ್ತಕ ಅಚ್ಚು ಹಾಕಿಸಿದರು. ಆದರೆ ಅಂದಿನ ಓದುಗರು ಆ ಮಾತನ್ನು ಒಳಗೆ ಬಿಟ್ಟುಕೊಳ್ಳಬೇಕಾದರೆ ಒಂದು ನೆಪ ಬೇಕಿತ್ತು. ಹೆಂಡ ಆ ನೆಪ. ಕುಡುಕ ಏನು ಬೇಕಾದರೂ ಆಡಬಹುದು, ಹೇಗೆ ಬೇಕಾದರೂ ಆಡಬಹುದು. ನೆಪ ಕೆಲಸ ಮಾಡಿತು, ಪುಸ್ತಕ ಮನೆಮಾತಾಯಿತು. ಕಷ್ಟ ಏನೆಂದರೆ, ಕೆಲಸ ಮುಗಿದ ಮೇಲೂ ನೆಪ ಉಳಿದುಕೊಂಡಿತು.

ಅದೇ ಕವಿ ಮಕ್ಕಳಿಗೆ ಬರೆದ ‘ತುತ್ತೂರಿ’ಯನ್ನು ಪಕ್ಕದಲ್ಲಿಟ್ಟರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ನನ್ನಂಥ ಚಿಕಿತ್ಸಕರಿಗೆ ಆ ಪದ್ಯಗಳು ದಿನನಿತ್ಯದ ಉಪಕರಣ. ಚಿಕ್ಕ ಪದಗಳು, ತುಟಿ ಮತ್ತು ಹಲ್ಲಿನ ಹತ್ತಿರ ಹುಟ್ಟುವ ಸುಲಭ ಧ್ವನಿಗಳು, ಮತ್ತೆ ಮತ್ತೆ ಬರುವ ಒತ್ತಕ್ಷರಗಳು. ಮಾತು ಹೊರಡದ ಮಗುವೂ ಮೂರನೇ ಸಲಕ್ಕೆ ಕೊನೆಯ ಪದವನ್ನು ಸೇರಿಸುತ್ತದೆ. ಮಗುವಿನ ಬಾಯಿಗೆ ಏನು ಎಟಕುತ್ತದೆ ಎಂದು ರಾಜರತ್ನಂ ಅವರಷ್ಟು ಬಲ್ಲವರು ಕಡಿಮೆ. ಆದರೆ ಅಲ್ಲಿನ ಕನ್ನಡ ಶಾಲೆಯ ಕನ್ನಡ. ಒಬ್ಬನೇ ಕವಿ, ಎರಡು ಕಿವಿ: ಮಕ್ಕಳಿಗೆ ಒಂದು ಕನ್ನಡ, ಕುಡುಕನಿಗೆ ಒಂದು ಕನ್ನಡ. ರತ್ನನ ಕನ್ನಡವನ್ನೇ ಮನೆಯಲ್ಲಿ ಆಡುವ ಮಗುವೊಂದು ಇರಬಹುದು ಎನ್ನುವುದು ಆ ಎರಡು ಪುಸ್ತಕಗಳ ನಡುವೆ ಎಲ್ಲೋ ಬಿಟ್ಟುಹೋಯಿತು. ನನ್ನ ಪಟ್ಟಿಯಲ್ಲಿದ್ದದ್ದು ಆ ಮಗು.

ಈಗ ಆ ‘ಹ’ದ ಕಥೆ. ಹಳಗನ್ನಡದ ಪಾಲ್ ನಡುಗನ್ನಡದಲ್ಲಿ ಹಾಲು ಆಯಿತು. ಪುಲಿ ಹುಲಿಯಾಯಿತು, ಪಲ್ ಹಲ್ಲಾಯಿತು, ಪಣ್ ಹಣ್ಣಾಯಿತು. ತಮಿಳಿನಲ್ಲಿ ಇವತ್ತಿಗೂ ಪಾಲ್, ಪುಲಿ, ಪಲ್. ಪದದ ಮೊದಲಿನ ‘ಪ’ ತುಟಿಗಳ ಬಿಗಿತ ಕಳೆದುಕೊಂಡು ಬರೀ ಉಸಿರಾಗಿ ಉಳಿದದ್ದೇ ನಮ್ಮ ‘ಹ’. ಆ ಉಸಿರೂ ಮುಂದೆ ಕರಗಿದರೆ ಆಲು, ಉಲಿ, ಅಲ್ಲು, ಅಣ್ಣು. ಅಂದರೆ ಕನಕಪುರದ ಹುಡುಗ ‘ಉಲಿ’ ಎಂದಾಗ ಅವನು ಭಾಷೆಯಿಂದ ಜಾರಿ ಬೀಳುತ್ತಿಲ್ಲ, ಭಾಷೆ ಹೊರಟ ದಾರಿಯಲ್ಲೇ ಒಂದು ಹೆಜ್ಜೆ ಮುಂದಿದ್ದಾನೆ. ‘ಪುಲಿ’ ಎನ್ನುತ್ತಿದ್ದ ಹಿರಿಯರಿಗೆ ಮೊದಲ ಸಲ ‘ಹುಲಿ’ ಎಂದ ಮಕ್ಕಳು ಹೇಗೆ ಕೇಳಿಸಿರಬೇಕು?

ಇದಕ್ಕೆ ಜಿಲ್ಲೆಯೊಳಗೇ ಒಂದು ಒಳ್ಳೆಯ ಸಾಕ್ಷಿಯಿದೆ. ಚನ್ನಪಟ್ಟಣದ ಬಣ್ಣದ ಗೊಂಬೆಗಳನ್ನು ಮಾಡುವ ಮರಕ್ಕೆ ಎಲ್ಲರೂ ಹೇಳುವ ಹೆಸರು ಆಲೆ ಮರ. ಗೊಂಬೆಗಳ ಬಗ್ಗೆ ಬಂದ ಬರಹಗಳಲ್ಲಿ, ಅಂಗಡಿಗಳ ಮಾಹಿತಿಯಲ್ಲಿ, ಇಂಗ್ಲಿಷಿನಲ್ಲಿ ಬರೆಯುವವರ ಲೇಖನಗಳಲ್ಲೂ ಅದೇ ಹೆಸರು. ನಿಘಂಟಿನಲ್ಲಿ ಹುಡುಕಿದರೆ ಅದು ಹಾಲೆ. ಗೀರಿದರೆ ಹಾಲಿನಂಥ ರಸ ಬರುವ ಈ ಮರವನ್ನು ತಮಿಳರು ಪಾಲೈ ಎನ್ನುತ್ತಾರೆ. ಪಾಲೆ, ಹಾಲೆ, ಆಲೆ: ಮೂರು ಹೆಜ್ಜೆಯೂ ಒಂದೇ ಮರದಲ್ಲಿ ಸಿಗುತ್ತವೆ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದು ಹೊರದೇಶಗಳಿಗೆ ಹೋಗುವ ಗೊಂಬೆಯ ಮೈಯಲ್ಲಿ ‘ಹ’ ಇಲ್ಲದ ಹೆಸರಿದೆ. ಅದನ್ನು ಯಾರೂ ತಿದ್ದಿಲ್ಲ. ತಿರುಗಣಿಯ ಮುಂದೆ ಕೂತ ಕೆಲಸಗಾರನ ಮಾತನ್ನೇ ವ್ಯಾಪಾರವೂ ಸರ್ಕಾರವೂ ಒಪ್ಪಿಕೊಂಡಿವೆ. ಅದೇ ಕೆಲಸಗಾರನ ಮಗ ಶಾಲೆಯಲ್ಲಿ ‘ಆಲು’ ಎಂದರೆ ಅವನ ಹೆಸರು ನನ್ನ ಪಟ್ಟಿಗೆ ಬರುತ್ತದೆ. ನನ್ನ ಚೀಲದಲ್ಲಿ ಆಲೆ ಮರದ ಬುಗುರಿ ಇಟ್ಟುಕೊಂಡೇ ಅವನಿಗೆ ‘ಹ’ ತಿದ್ದಲು ನಾನು ಹೋಗುತ್ತೇನೆ.

ತಿದ್ದಿದ್ದರಿಂದ ಏನಾಯಿತು ಎಂದೂ ಹೇಳಬೇಕು. ಆ ರಾಜ್ಯೋತ್ಸವದ ಹುಡುಗನಿಗೆ ಆರು ವಾರದಲ್ಲಿ ‘ಹ’ ಬಂತು. ನನ್ನ ವರದಿಯಲ್ಲಿ ‘ಉತ್ತಮ ಪ್ರಗತಿ’ ಎಂದು ಬರೆದೆ. ಎಂಟನೇ ವಾರ ಅವನ ಅಜ್ಜಿ ಶಾಲೆಗೆ ಬಂದರು. “ಏನ್ ಕಲ್ಸಿದ್ರವ್ವ ನಮ್ ಮಗೀಗೆ? ನನ್ನ ಹಜ್ಜಿ ಅಂತಾನೆ. ಅನ್ನಕ್ಕೆ ಹನ್ನ ಅಂತಾನೆ. ಈಗ ಮನೇಲಿ ಮಾತೇ ಆಡಾಕಿಲ್ಲ” ಎಂದರು. ಜಗಳಕ್ಕೆ ಬಂದವರಲ್ಲ, ಕೇಳಲು ಬಂದವರು. ‘ಹ’ ಎಲ್ಲಿ ಬೇಕು, ಎಲ್ಲಿ ಬೇಡ ಎಂದು ತಿಳಿಯದ ಹುಡುಗ ಸಿಕ್ಕ ಸ್ವರದ ಮುಂದೆಲ್ಲ ಅದನ್ನು ಅಂಟಿಸಿದ್ದ. ಕೊನೆಗೆ ಬಾಯಿ ಮುಚ್ಚುವುದೇ ಕ್ಷೇಮ ಎಂದುಕೊಂಡಿದ್ದ. ಮಾತು ಬರಿಸಲು ಹೋದವಳು ನಾನು, ಮಾತಾಡುವ ಹುಡುಗನೊಬ್ಬನನ್ನು ಸುಮ್ಮನಾಗಿಸಿದ್ದೆ. ನಾನು ಬಳಸಿದ ಪರೀಕ್ಷೆಯಲ್ಲಿ ದೋಷವಿರಲಿಲ್ಲ. ಮಗು ಏನು ಹೇಳಿತು ಎಂದು ಬರೆದುಕೊಳ್ಳುವುದಷ್ಟೇ ಪರೀಕ್ಷೆಯ ಕೆಲಸ. ಯಾಕೆ ಹೇಳಿತು ಎಂದು ತಿಳಿಯಬೇಕಾದವಳು ನಾನು.

ಎರಡನೇ ತಪ್ಪು ಮೊದಲನೆಯದರ ಮಗಳು. ಅಜ್ಜಿಯ ಮಾತು ಕೇಳಿದ ಮೇಲೆ ನಾನು ಎಲ್ಲೆಡೆ ಆಡುಮಾತನ್ನೇ ಕಾಣತೊಡಗಿದೆ. ಮಾಗಡಿ ತಾಲ್ಲೂಕಿನ ಒಂದು ಶಾಲೆಯಲ್ಲಿ ಎರಡನೇ ತರಗತಿಯ ಹುಡುಗಿ. ‘ಹ’ ಇರಲಿಲ್ಲ, ‘ಶ’ ಇರಲಿಲ್ಲ, ‘ಸ’ ಬರಬೇಕಾದಲ್ಲಿ ‘ತ’ ಬರುತ್ತಿತ್ತು. ಸರಕ್ಕೆ ತರ, ಬಸ್ಸಿಗೆ ಬತ್ತು. ನಾನು ಅವಳ ಹಾಳೆಯ ಮೇಲೆ ‘ಪ್ರಾದೇಶಿಕ ಉಚ್ಚಾರ, ಚಿಕಿತ್ಸೆ ಬೇಡ’ ಎಂದು ಬರೆದು ಬಸ್ಸು ಹತ್ತಿದೆ. ಎಂಟು ತಿಂಗಳಾದ ಮೇಲೆ ಶಿಬಿರವೊಂದರಲ್ಲಿ ಕಿವಿ ಪರೀಕ್ಷೆ ಮಾಡಿಸಿದಾಗ ಅವಳಿಗೆ ಎರಡೂ ಕಿವಿಯಲ್ಲಿ ಮೇಲಿನ ಸ್ಥಾಯಿಯ ಧ್ವನಿಗಳು ಕೇಳುವುದಿಲ್ಲ ಎಂದು ಗೊತ್ತಾಯಿತು. ‘ಸ’ ಇರುವುದೇ ಆ ಎತ್ತರದಲ್ಲಿ. ಕೇಳದ ಧ್ವನಿಯನ್ನು ಅವಳು ಆಡುವುದು ಹೇಗೆ? ಈ ಸೀಮೆಯ ಮಾತಿನಲ್ಲಿ ‘ಶ’ ‘ಸ’ ಆಗುತ್ತದೆಯೇ ಹೊರತು ‘ಸ’ ಎ‌ಂದೂ ‘ತ’ ಆಗುವುದಿಲ್ಲ. ರತ್ನನ ವ್ಯಾಕರಣವನ್ನು ಸರಿಯಾಗಿ ಓದಿದ್ದರೆ ಅದು ಅವತ್ತೇ ಹೊಳೆಯಬೇಕಿತ್ತು. ನಾನು ‘ಇಲ್ಲಿಯವರ ಮಾತೇ ಹಾಗೆ’ ಎಂದು ಉದಾರಳಾದದ್ದಕ್ಕೆ ಅವಳು ಎಂಟು ತಿಂಗಳು ಹಿಂದಿನ ಬೆಂಚಿನಲ್ಲಿ ಅರ್ಧ ಪಾಠ ಕೇಳಿದಳು.

ಈ ಎರಡು ಮಕ್ಕಳನ್ನು ಒಟ್ಟಿಗೆ ನೋಡಿದಾಗ ನಮ್ಮ ಸಾಹಿತ್ಯ ವಿಮರ್ಶೆಯ ಒಂದು ಅಭ್ಯಾಸದ ಮೇಲೆ ನನಗೆ ಅನುಮಾನ ಬರುತ್ತದೆ. ಗ್ರಾಮ್ಯದಲ್ಲಿ ಬರೆದ ಕೃತಿಯ ಬಗ್ಗೆ ಹೇಳುವಾಗ ನಾವು ತಪ್ಪದೆ ಬಳಸುವ ಮಾತು ‘ಸೊಗಡು’. ಅವರೆಕಾಯಿಯ ಸೊಗಡಿನ ಹಾಗೆ ಗ್ರಾಮ್ಯದ ಸೊಗಡು. ಸೊಗಡು ಮೂಗಿಗೆ ಬಡಿದು ಹೋಗುವಂಥದು, ಅದಕ್ಕೆ ನಿಯಮ ಇರುವುದಿಲ್ಲ. ಹಾಗೆ ಹೊಗಳಿದಾಗ ನಾವು ಆ ಮಾತಿನ ವ್ಯಾಕರಣವನ್ನು ನೋಡುವ ಶ್ರಮ ತಪ್ಪಿಸಿಕೊಳ್ಳುತ್ತೇವೆ. ಶಾಲೆ ಆಡುಮಾತನ್ನು ದೋಷ ಎಂದು ಕೇಳುತ್ತದೆ, ವಿಮರ್ಶೆ ಪರಿಮಳ ಎಂದು ಮೂಸುತ್ತದೆ. ಅದನ್ನು ಒಂದು ಕ್ರಮವಿರುವ ಭಾಷೆ ಎಂದು ಇಬ್ಬರೂ ಓದುವುದಿಲ್ಲ. ಕ್ರಮ ಗೊತ್ತಿದ್ದರೆ ಮಾತ್ರ ಕ್ರಮ ತಪ್ಪಿದ್ದು ಗೊತ್ತಾಗುತ್ತದೆ. ಮಾಗಡಿಯ ಹುಡುಗಿಯ ವಿಷಯದಲ್ಲಿ ನನಗೆ ಬೇಕಿದ್ದದ್ದು ಆ ಓದು.

ಮಾಗಡಿ ಎಂದಾಗ ಇನ್ನೊಬ್ಬ ಕವಿ ನೆನಪಾಗುತ್ತಾರೆ. ಆ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಸಿದ್ಧಲಿಂಗಯ್ಯ. ಅವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂತು. ರತ್ನನ ಪದಗಳಿಗೂ ಅದಕ್ಕೂ ಸುಮಾರು ನಾಲ್ಕು ದಶಕಗಳ ಅಂತರ. ಆ ಸಂಕಲನದ ಕೆಲವು ಪದ್ಯಗಳಲ್ಲಿ ಕೇರಿಯ ಮಾತು ನೇರವಾಗಿ ಬರುತ್ತದೆ. ಗಂಡಸರು ಒಬ್ಬರನ್ನೊಬ್ಬರು ಕೂಗುವ ‘ಲಾ’ ಸಮೇತ ಬರುತ್ತದೆ. ಅಲ್ಲಿ ಮಾತಾಡುವವನು ಕುಡಿದಿಲ್ಲ, ನಗಿಸುತ್ತಿಲ್ಲ, ಓದುಗರ ಕ್ಷಮೆ ಕೇಳುತ್ತಿಲ್ಲ. ಅವನು ಸಿಟ್ಟಾಗಿದ್ದಾನೆ. ಸಿಟ್ಟಿಗೆ ಯಾವ ನೆಪವೂ ಬೇಕಾಗಿಲ್ಲ. ಒಂದೇ ಜಿಲ್ಲೆಯ ನೆಲದಲ್ಲಿ ಹುಟ್ಟಿದ ಇಬ್ಬರು ಕವಿಗಳು, ಹೆಚ್ಚುಕಡಿಮೆ ಒಂದೇ ಧ್ವನಿಗಳು. ಒಬ್ಬರ ಪುಸ್ತಕವನ್ನು ವೇಷ ಹಾಕಿ ಒಪ್ಪಿಸುತ್ತೇವೆ, ಇನ್ನೊಬ್ಬರದಕ್ಕೆ ವೇಷ ಹಾಕಲು ಆಗುವುದಿಲ್ಲ. ನಾನು ನೋಡಿದ ಯಾವ ಶಾಲೆಯ ರಾಜ್ಯೋತ್ಸವದಲ್ಲೂ ಆ ಎರಡನೆಯ ಪುಸ್ತಕದ ಪದ್ಯ ಇರಲಿಲ್ಲ.

ಇಲ್ಲಿ ಮೇಷ್ಟ್ರ ಕಡೆಯ ಮಾತನ್ನೂ ಕೇಳಬೇಕು. ಅವರು ನನಗೆ ಒಮ್ಮೆ ಹೇಳಿದರು: “ಮೇಡಂ, ನಾನೂ ಇದೇ ಊರಿನೋನು, ನನ್ನ ಮನೇಲೂ ಆಲೇ. ಆದ್ರೆ ಪರೀಕ್ಷೇಲಿ ‘ಆಲು’ ಅಂತ ಬರೆದ್ರೆ ಮಾರ್ಕ್ಸ್ ಕೊಡ್ತಾರಾ? ಬೆಂಗ್ಳೂರಿಗೆ ಕೆಲಸಕ್ಕೆ ಹೋದ್ರೆ ನಗಲ್ವಾ?” ಈ ಪ್ರಶ್ನೆಯನ್ನು ತಳ್ಳಿಹಾಕುವುದು ಸುಲಭವಲ್ಲ. ಹಾಸ್ಟೆಲ್ಲಿನಲ್ಲಿ ಅವರನ್ನು ನೋಡಿ ನಕ್ಕವರು ಅವರಿಗೆ ಇನ್ನೂ ನೆನಪಿದ್ದರು. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಎಲ್ಲರ ಕನ್ನಡದ ಬರಹದಲ್ಲಿ ಮಹಾಪ್ರಾಣಗಳು ಬೇಡ ಎಂದು ವಾದಿಸಿದರು. ಬಾಯಲ್ಲಿ ಇಲ್ಲದ್ದನ್ನು ಬರಹದಲ್ಲಿ ಹೊರಿಸುವುದು ಕಲಿಯುವವರಿಗೆ ಅನ್ಯಾಯ ಎಂಬ ಅವರ ಮಾತಿನ ನ್ಯಾಯ ನನಗೆ ಅರ್ಥವಾಗುತ್ತದೆ. ಆದರೆ ಅಕ್ಷರಮಾಲೆ ಬದಲಾಗುವ ತನಕ ಆ ಹುಡುಗ ಕಾಯಲಾರ. ಅವನಿಗೆ ‘ಹ’ ಬರೆಯಲು ಬರಬೇಕು, ಬೇಕಾದ ಕಡೆ ಆಡಲೂ ಬರಬೇಕು. ಪ್ರಶ್ನೆ ಅದನ್ನು ಯಾರು, ಏನೆಂದು ಕಲಿಸುತ್ತಾರೆ ಎಂಬುದು. ಮೇಷ್ಟ್ರು ಪಾಠವಾಗಿ ಕಲಿಸಿದರೆ ಅವನಿಗೆ ಇನ್ನೊಂದು ಕನ್ನಡ ಸೇರಿತು. ನಾನು ಚಿಕಿತ್ಸೆಯಾಗಿ ಕಲಿಸಿದರೆ ಇರುವ ಕನ್ನಡ ಕಾಯಿಲೆಯಾಯಿತು.

ಈ ಗೆರೆಯನ್ನು ಬೇರೆ ದೇಶಗಳು ಕೋರ್ಟಿಗೆ ಹೋಗಿ ಎಳೆದುಕೊಂಡಿವೆ. ಅಮೆರಿಕದ ಮಿಷಿಗನ್ ರಾಜ್ಯದ ಆನ್ ಆರ್ಬರ್ ಎಂಬ ಊರಿನಲ್ಲಿ ಶಾಲೆ ತಮ್ಮ ಕಪ್ಪು ಮಕ್ಕಳ ಮನೆಮಾತನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಅವರನ್ನು ಕಲಿಕೆಯಲ್ಲಿ ಹಿಂದುಳಿದವರೆಂದು ಬೇರ್ಪಡಿಸಿದೆ ಎಂದು ತಾಯಂದಿರು ದಾವೆ ಹೂಡಿದರು. 1979ರಲ್ಲಿ ನ್ಯಾಯಾಲಯ, ಓದು ಕಲಿಸುವಾಗ ಆ ಮನೆಮಾತನ್ನು ಗುರುತಿಸಿ ಲೆಕ್ಕಕ್ಕಿಡಬೇಕು ಎಂದಿತು. 1983ರಲ್ಲಿ ಅಲ್ಲಿನ ವಾಕ್ ಚಿಕಿತ್ಸಕರ ಸಂಘವೂ ಯಾವ ಉಪಭಾಷೆಯೂ ಮಾತಿನ ದೋಷವಲ್ಲ ಎಂದು ಲಿಖಿತವಾಗಿ ಹೇಳಿತು. ನಾನು ಇದನ್ನೆಲ್ಲ ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಚನ್ನಪಟ್ಟಣದ ಉರ್ದು ಮಾತಾಡುವ ಮಗು ‘ಳ’ಕ್ಕೆ ‘ಲ’ ಎಂದರೆ ಅದು ದೋಷವಲ್ಲ, ಅವರ ಮನೆಮಾತಿನಲ್ಲಿ ‘ಳ’ ಇಲ್ಲ ಎಂದು ಥಟ್ಟನೆ ಹೇಳುತ್ತಿದ್ದೆ. ಬೇರೆ ಭಾಷೆ ಎಂದಾಗ ತಿಳಿಯುತ್ತಿದ್ದದ್ದು, ಬೇರೆ ಕನ್ನಡ ಎಂದಾಗ ತಿಳಿಯಲಿಲ್ಲ. ನಾನೂ ಮೈಸೂರಿನಲ್ಲಿ ಓದುವಾಗ ನನ್ನ ‘ಹ’ವನ್ನು ಕಷ್ಟಪಟ್ಟು ಸರಿಮಾಡಿಕೊಂಡವಳು ಎಂಬುದು ಅದಕ್ಕೆ ಕಾರಣವಿರಬಹುದು.

ರತ್ನನ ಪದಗಳಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಹಠವಿದೆ. ನಾಲಗೆಯನ್ನು ಕೆಡಿಸಿದರೂ, ಬಾಯಿಯನ್ನು ಮುಚ್ಚಿಬಿಟ್ಟರೂ ಮೂಗಿನಲ್ಲಾದರೂ ಕನ್ನಡದಲ್ಲೇ ಹಾಡುತ್ತೇನೆ ಎಂದು ಅವನು ಪಣ ತೊಡುತ್ತಾನೆ. ಪ್ರತಿ ನವೆಂಬರಿನಲ್ಲೂ ಅದಕ್ಕೆ ಚಪ್ಪಾಳೆ ಬೀಳುತ್ತದೆ. ಸೀಳು ಅಂಗುಳದ ಮಕ್ಕಳ ಜೊತೆ ಕೆಲಸ ಮಾಡಿದವರಿಗೆ ಆ ಪಣ ಬೇರೆ ಥರ ಕೇಳಿಸುತ್ತದೆ. ಅಂಗುಳ ಮುಚ್ಚಿಕೊಳ್ಳದಿದ್ದರೆ ಬಾಯಲ್ಲಿ ಕಟ್ಟಬೇಕಾದ ಗಾಳಿ ಮೂಗಿನಿಂದ ಸೋರುತ್ತದೆ. ಪ, ತ, ಕ ಯಾವುದೂ ನಿಲ್ಲುವುದಿಲ್ಲ, ಮ, ನಗಳು ಮಾತ್ರ ಉಳಿಯುತ್ತವೆ. ಅಂಥ ಹುಡುಗಿಯೊಬ್ಬಳು ರಾಮನಗರದ ಹತ್ತಿರದ ಶಾಲೆಯಲ್ಲಿದ್ದಳು. ನಿಜವಾಗಿಯೂ ಮೂಗಿನಲ್ಲೇ ಕನ್ನಡ ಆಡುತ್ತಿದ್ದವಳು ಅವಳು. ಚಪ್ಪಾಳೆ ಅವಳಿಗೆ ಬೀಳುತ್ತಿರಲಿಲ್ಲ. ನನ್ನ ಒಂದು ಭೇಟಿಯಲ್ಲಿ ಅವಳಿಗೆ ಸಿಗುತ್ತಿದ್ದದ್ದು ಹದಿನೈದು ನಿಮಿಷ, ಯಾಕೆಂದರೆ ಉಳಿದ ಹೊತ್ತು ‘ಹ’ ಇಲ್ಲದ ಮಕ್ಕಳ ಸಾಲಿಗೆ ಹೋಗುತ್ತಿತ್ತು. ಆಡುಮಾತನ್ನು ರೋಗವೆಂದು ಕೇಳುವುದರ ಬೆಲೆಯನ್ನು ಅವಳೂ ಕಟ್ಟಿದಳು.

ಈಗ ನನ್ನ ಸಂಶೋಧನೆ ಇದೇ ವಿಷಯದ ಮೇಲೆ. ಅದಕ್ಕಾಗಿ ಮತ್ತೆ ಅದೇ ಬಸ್ಸುಗಳಲ್ಲಿ ಓಡಾಡುತ್ತೇನೆ. ಕ್ರಮದಲ್ಲಿ ಒಂದೇ ಒಂದು ಬದಲಾವಣೆ ಮಾಡಿಕೊಂಡಿದ್ದೇನೆ. ಮಗುವಿಗೆ ಕಾರ್ಡು ತೋರಿಸುವ ಮುಂಚೆ ಮಗುವನ್ನು ಕರೆತಂದವರಿಗೆ ತೋರಿಸುತ್ತೇನೆ, ಅಜ್ಜಿಯೋ ಅಮ್ಮನೋ ಅಕ್ಕನೋ ಯಾರಾದರೂ ಸರಿ. ಅವರು ಹೇಳಿದ್ದನ್ನು ಎಡಗಡೆ ಬರೆದುಕೊಳ್ಳುತ್ತೇನೆ, ಮಗು ಹೇಳಿದ್ದನ್ನು ಬಲಗಡೆ. ಎರಡೂ ಒಂದೇ ಇದ್ದ ಕಡೆ ಗೆರೆ ಎಳೆದು ಮುಂದೆ ಹೋಗುತ್ತೇನೆ. ಬೇರೆ ಇದ್ದ ಕಡೆ ನಿಲ್ಲುತ್ತೇನೆ.

ಮೊನ್ನೆ ಕನಕಪುರಕ್ಕೆ ಹೋದಾಗ ಆ ಹುಡುಗನ ಅಜ್ಜಿ ಸಿಕ್ಕರು. ಅವನೀಗ ಹೈಸ್ಕೂಲು. ಅವನ ತಂಗಿಯನ್ನು ಪರೀಕ್ಷೆಗೆ ಕರೆತಂದಿದ್ದರು, ಅವಳದು ಉಗ್ಗು. ಅಜ್ಜಿಗೆ ಹುಲಿಯ ಕಾರ್ಡು ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು, “ಉಲಿ ಅಲ್ವಾ?” ಎಂದರು. ಆಮೇಲೆ ನನ್ನ ಮುಖ ನೋಡಿ ನಕ್ಕು, “ನಿಮ್ಗೆ ಬೇಕಂದ್ರೆ ಹುಲಿ ಅಂತೀನಿ” ಎಂದರು. ಬೇಡ ಅಜ್ಜಿ ಎಂದೆ. ಎಡಗಡೆಯ ಸಾಲಿನಲ್ಲಿ ‘ಉಲಿ’ ಎಂದು ಬರೆದುಕೊಂಡೆ.